ಅರವತ್ತು ಡಿಗ್ರಿ

ನಾಳೆ ಭಾನುವಾರ, ಕಾರ್ಖಾನೆ ಮೈದಾನದಲ್ಲಿ ಒಂಬತ್ತು ಕುಳಿಯ ಪಂದ್ಯ.
ಚಾಪೆಗೆ ಹಳೇ ಪೇಪರು ಹಾಸಿ
ಗಾಲ್ಫ್ ಕೋಲುಗಳನ್ನೆಲ್ಲ ಮಲಗಿಸಿದ್ದೇನೆ.
ಚೀಲದ ಹೊಲಿಗೆ ಬಿಟ್ಟಿದೆ, ಒಂದಾದರೂ ಕಡಿಮೆಯಾಗಬೇಕು.
ಉದ್ದನೆಯವುಗಳ ತಕರಾರಿಲ್ಲ,
ಮದುವೆ ಮನೆಯ ಸೋದರಮಾವಂದಿರ ಹಾಗೆ
ಕರೆಯದೆಯೂ ಬಂದು ಮೊದಲ ಸಾಲಲ್ಲಿ ಕೂರುತ್ತವೆ.
ಗಿಡ್ಡ ವೆಡ್ಜುಗಳದೇ ಪಂಚಾಯ್ತಿ.

ನಲವತ್ತಾರು ಡಿಗ್ರಿಯದು ಸೆಟ್ಟಿನ ಜೊತೆಗೇ ಬಂದದ್ದು,
ನೂರು ಗಜಕ್ಕೆ ಸಾಕು, ಮಾತು ಕಡಿಮೆ.
ಐವತ್ತೆರಡು. ಇದರ ಹಿಡಿ ನನ್ನ ಬೆವರಿಗೆ ಸವೆದು
ಹೆಬ್ಬೆರಳಿನ ಗುಳಿ ಹಿಡಿದುಕೊಂಡಿದೆ.
ಐವತ್ತಾರು, ಡೊಳ್ಳು ಹೊಟ್ಟೆ, ಮರಳಿಗೆಂದೇ ಹುಟ್ಟಿದ್ದು.
ಅರವತ್ತು.
ಇದನ್ನು ಆಮೇಲೆ ನೋಡೋಣ.

ಇಪ್ಪತ್ತೆಂಟು ವರ್ಷ ಗ್ರೈಂಡಿಂಗ್ ಷಾಪಿನಲ್ಲಿ ನಿಂತವನು ನಾನು.
ಆಫೀಸರುಗಳು ಆಡುತ್ತಿದ್ದರು,
ನಾವು ಅವರ ಕಬ್ಬಿಣಕ್ಕೆ ಸಾಣೆ ಹಿಡಿಯುತ್ತಿದ್ದೆವು
ಊಟದ ಬಿಡುವಿನಲ್ಲಿ, ಯಾವ ರಿಜಿಸ್ಟರಿಗೂ ಏರದ ಕೆಲಸ.
ಫೋರ್‌ಮನ್ ಜ್ಞಾನಪ್ರಕಾಶಂ ಕಿಡಿಗಳಾಚೆಯಿಂದ ಕೂಗುತ್ತಿದ್ದರು:
“ಮುಖ ಅಲ್ಲಯ್ಯ, ಹೊಟ್ಟೆ ನೋಡು!
ಮುಖ ಚೆಂಡಿಗೆ, ಹೊಟ್ಟೆ ನೆಲಕ್ಕೆ.
ನೆಲದ ಜೊತೆ ಜಗಳಾಡಿ ಗೆದ್ದ ಕೋಲು ನಾನಂತೂ ಕಂಡಿಲ್ಲ.”

ಭದ್ರಾವತಿಯ ನೆಲವೋ,
ಮಾರ್ಚಿಗೆ ಜಂಬಿಟ್ಟಿಗೆ. ಹೊಟ್ಟೆಯ ಕೋಲು ಠಣ್ಣಂತ ಪುಟಿದು
ಚೆಂಡಿನ ನೆತ್ತಿಗೆ ಬಡಿದು
ಅದು ಕ್ವಾರ್ಟರ್ಸಿನ ಕಾಂಪೌಂಡು ದಾಟುತ್ತದೆ.
ಆಷಾಢಕ್ಕೆ ಅದೇ ನೆಲ ಹಲ್ವ,
ತೆಳ್ಳನೆಯದು ಹೂತರೆ ಮೇಲೆ ಬಾರದು.
ಈಗ ಅಕ್ಟೋಬರು. ಮೇಲೆ ಒಣಗಿ ಒಳಗೆ ಹಸಿ,
ಒಂದೇ ಮಗ್ಗುಲು ಬೆಂದ ರೊಟ್ಟಿ.

ಕುಳಿಯ ಸುತ್ತ ಹುಲ್ಲೂ ಇಲ್ಲ ನಮ್ಮಲ್ಲಿ.
ಹಳೇ ಇಂಜಿನ್ ಎಣ್ಣೆ ಕಲಸಿ ಉರುಳೆ ಹೊಡೆದ ಮರಳು, ಬ್ರೌನು ಅಂತೀವಿ.
ಟೀವಿಯಲ್ಲಿ ಚೆಂಡು ಬಿದ್ದು ಹಿಂದಕ್ಕೆ ಬರುತ್ತದಲ್ಲ,
ಆ ವಯ್ಯಾರ ಇಲ್ಲಿ ನಡೆಯದು.
ಇಲ್ಲಿ ಬಿದ್ದದ್ದು ಓಡುತ್ತದೆ,
ಟಿಕೆಟ್ಟಿಲ್ಲದವನು ಚೆಕಿಂಗಿನವರನ್ನು ಕಂಡ ಹಾಗೆ.
ಎತ್ತಿ ಹಾಕುವುದಕ್ಕಿಂತ ಉರುಳಿಸುವುದೇ ಲೇಸು.

ನೀಲಾಂಬಿಕೆ ಚಾಪೆ ದಾಟಿ ಹೋಗುತ್ತ ನಿಂತಳು.
“ಒಂದೇ ಸೌಟಲ್ಲಿ ಸಾರೂ ಬಡಿಸ್ತೀನಿ, ಪಾಯಸಾನೂ ಬಡಿಸ್ತೀನಿ.
ಕೈ ಓರೆ ಮಾಡಬೇಕಷ್ಟೆ.”
ಅವಳು ಮೈದಾನಕ್ಕೆ ಕಾಲಿಟ್ಟವಳಲ್ಲ, ಆದರೂ ಅಂದದ್ದು ಸರಿ:
ಐವತ್ತಾರರ ಮುಖ ತುಸು ತೆರೆದರೆ
ಅರವತ್ತರ ಕೆಲಸ ಅದೇ ಮಾಡುತ್ತದೆ.
ಅರವತ್ತನ್ನು ಅಕ್ಕಿ ಡ್ರಮ್ಮಿನ ಹಿಂದೆ ಸೇರಿಸಿದೆ.
ನ್ಯಾಯವಾದ ತೀರ್ಮಾನ. ನಿದ್ದೆಯೂ ಬಂತು.

ಬೆಳಿಗ್ಗೆ ಆರಕ್ಕೆ ಸುಭಾನ್ ಚೀಲ ಹೆಗಲಿಗೇರಿಸಿದ,
ಒಮ್ಮೆ ಕುಲುಕಿದ.
“ಅರವತ್ತು ಇಲ್ವಲ್ಲ ಸಾರ್.”
ಬಿಚ್ಚಿ ನೋಡಿರಲಿಲ್ಲ. ಹೆಗಲೇ ಎಣಿಸಿತ್ತು.
ಬೇಡ ಅನ್ನಿಸ್ತು ಕಣೋ ಅಂದೆ,
ಬ್ರೌನು, ಹೊಟ್ಟೆ, ಅಕ್ಟೋಬರು, ಜ್ಞಾನಪ್ರಕಾಶಂ, ಎಲ್ಲ ಹೇಳಿದೆ.
ಕೇಳಿಸಿಕೊಂಡ. ಕೇಳಿಸಿಕೊಳ್ಳುವುದೂ ಅವನ ಕೂಲಿಯೊಳಗೇ ಬರುತ್ತದೆ.
ಆಮೇಲೆ ನನ್ನತ್ತ ನೋಡದೆ, ಇಬ್ಬನಿಯಲ್ಲಿ ಕಾಲೊರೆಸುತ್ತ,
“ಹೋದ ವರ್ಷ ಐದನೇದರಲ್ಲಿ, ಮರಳೊಳಗೆ,
ಅದರಲ್ಲೇ ಅಲ್ವಾ ಸಾರ್, ಮೂರು ಸಲ?”

ಚೀಟಿಯಲ್ಲಿ ಎರಡು ಅಂತ ಬರೆದಿದ್ದೆ.
ಗೆದ್ದದ್ದು ಒಂದೇ ಏಟಿನಿಂದ.
ಬಹುಮಾನ: ಸ್ಟೀಲಿನ ಜಗ್ಗು, ಆರು ಲೋಟ.
ದಿನಾ ಮಜ್ಜಿಗೆ ಕುಡಿಯುತ್ತಿದ್ದೇನೆ.

ಅವನ ಸೈಕಲ್ಲು ಕೇಳಿ ಮನೆಗೆ ತುಳಿದೆ.
ಡ್ರಮ್ಮಿನ ಹಿಂದಿನಿಂದ ಎಳೆದಾಗ
ಅದರ ಮುಖದ ಗೀರುಗಳಲ್ಲಿ ಇನ್ನೂ ಆ ಮರಳು.
ಉಗುರಲ್ಲಿ ಕೆದಕಿದೆ, ಬಿಡಲಿಲ್ಲ. ಹಾಗೇ ತಂದೆ.

“ಈಗ ಸರಿ ಹೋಯ್ತು” ಅಂದ ಸುಭಾನ್, ಹೆಗಲು ಬದಲಿಸುತ್ತ.
ತೂಕದ ವಿಷಯವೇ ಇದ್ದೀತು.
ಐದನೆಯದಕ್ಕೆ ಇನ್ನೂ ನಾಲ್ಕು ಕುಳಿ ದಾಟಬೇಕು.