ಹದಿನೇಳನೆಯ ತಿಂಗಳ ಚೀಟಿ

ಇಪ್ಪತ್ತು ಜನ, ಇಪ್ಪತ್ತು ತಿಂಗಳು, ತಲೆಗೆ ಎರಡು ಸಾವಿರ.
ಒಂದು ಉದ್ದನೆಯ ಲೆಕ್ಕದ ಪುಸ್ತಕ,
ಅದಕ್ಕೆ ಕೆಂಪು ಬಟ್ಟೆಯ ಹೊದಿಕೆ, ಹೊಲಿದವಳು ಜುಬೇದಾ.
ಈರನಗೆರೆಯಲ್ಲಿ ನನ್ನ ಚೀಟಿ ಒಂದು ದಿನವೂ ತಪ್ಪಿರಲಿಲ್ಲ.
ಹದಿನೇಳನೆಯ ತಿಂಗಳು ದುಡ್ಡೇ ತಪ್ಪಿತು.

ಸೋಮವಾರ ಒಂದು ಸೇರು ಅಕ್ಕಿಗೆ ಕೊಟ್ಟಷ್ಟನ್ನು
ಗುರುವಾರ ಒಂದು ಬೆಂಕಿಪೊಟ್ಟಣಕ್ಕೆ ಕೇಳಿದರು.
ಮಂಡಿಯವರು ಹಲಗೆಯ ಮೇಲೆ ಬೆಲೆ ಬರೆಯುವುದು ಬಿಟ್ಟು
ಕಿವಿಯಲ್ಲಿ ಹೇಳತೊಡಗಿದರು,
ಹೆಣ್ಣು ನೋಡಲು ಬಂದವರು ವರದಕ್ಷಿಣೆ ಹೇಳುವ ಹಾಗೆ.
ಸಹಕಾರಿ ಬ್ಯಾಂಕಿನ ಬಾಗಿಲಿಗೆ ಗೋಂದು ಒಣಗದ ಕಾಗದ:
'ತಾತ್ಕಾಲಿಕವಾಗಿ.'
ಸಾಲು ಕಾಯಲು ಬಂದ ಪೇದೆ
ಲಾಠಿ ಕಂಕುಳಲ್ಲಿಟ್ಟು, 'ಯಾರು ಕೊನೆ?' ಎಂದು ಕೇಳಿ
ತಾನೂ ನಿಂತ.

ಆಟೋದ ಮೇಲೆ ಮೈಕು ಕಟ್ಟಿಕೊಂಡು ಸರ್ಕಾರ ಬಂತು.
ಮೊದಲ ವಾರ: ಗಾಬರಿ ಬೇಡ.
ಎರಡನೇ ವಾರ: ನೋಟು ನೋಟೇ, ಬೇಡವೆಂದವರಿಗೆ ಜೈಲು.
ಮೂರನೇ ವಾರ: ಹಳೆಯ ನೋಟು ನೋಟಲ್ಲ, ಟೋಕನ್ ಬರುತ್ತದೆ.
ನಾಲ್ಕನೇ ವಾರ ಆಟೋ ಬರಲಿಲ್ಲ.
ಡ್ರೈವರ್ ಮುನಿಮಾದ ಬಂದ, ನಡೆದುಕೊಂಡು:
'ಅಕ್ಕ, ಮೈಕಿನ ಬ್ಯಾಟರಿ ಐತೆ, ಎರಡು ಪಾವು ರಾಗಿ ಕೊಡ್ತೀಯಾ?'

ಎರಡನೇ ವಾರವೇ ಬಂದಿದ್ದ ಗುರುಸಿದ್ದಪ್ಪ, ಕೈಚೀಲ ಹಿಡಿದು.
ನಾಲ್ಕನೆಯ ತಿಂಗಳು ಚೀಟಿ ಎತ್ತಿ
ಲಗೇಜು ಆಟೋಗೆ ಮುಂಗಡ ಕಟ್ಟಿದ್ದವನು.
ಉಳಿದ ನಾಲ್ಕೂ ಕಂತು ಒಂದೇ ಸಲ ಎಣಿಸಿಟ್ಟ:
'ಪುಟ್ಟಮ್ಮಣ್ಣಿ, ಮೈಕಲ್ಲಿ ಕೇಳಿದಿರಲ್ಲ. ನನ್ನದು ಚುಕ್ತಾ.'
ಕಾನೂನು ಅವನ ಕಡೆ. ಎಂಟು ಸಾವಿರ.
ಆ ಹೊತ್ತಿಗೆ ನೋಟಿಗಿಂತ ಚೀಲಕ್ಕೇ ಹೆಚ್ಚು ಬೆಲೆ.
ಇನ್ನೂ ಚೀಟಿ ಎತ್ತದವರು ನಾಲ್ವರಿದ್ದರು.
ಅವರಲ್ಲಿ ಲೂರ್ದು ಮೇರಿ,
ಮೊಣಕಾಲಿನ ಆಪರೇಷನ್ನಿಗೆಂದು ಕೊನೆಯ ಚೀಟಿ ಕಾದವಳು,
ಹದಿನಾರು ತಿಂಗಳು ಕುಂಟಿಕೊಂಡೇ ಕಂತು ತಂದವಳು.

ಅಂದು ರಾತ್ರಿ ನಲ್ಲಿಕಟ್ಟೆಯ ಹತ್ತಿರ ಸೇರಿದೆವು.
ಕರೆಂಟಿಲ್ಲ. ಮುಖ ಕಾಣದಿದ್ದರೆ ಜಗಳ ಸಲೀಸು.
'ಎರಡು ಸಾವಿರ ಅಂದ್ರೆ ಆವತ್ತು ಏನ್ ಬತ್ತಿತ್ತು?'
ಎಂದಳು ಕೆಂಪಸಿದ್ದಮ್ಮ, ಲೆಕ್ಕ ಬಾರದವಳು.
ಅದೇ ಲೆಕ್ಕವಾಯಿತು.
ಅರ್ಧ ಕ್ವಿಂಟಲ್ ರಾಗಿ. ಇಲ್ಲವೇ ಹನ್ನೆರಡು ರವಿಕೆ.
ಇಲ್ಲವೇ ಮೂರು ದಿನದ ಗಾರೆಕೆಲಸ.
ರೂಪಾಯಿಯ ಕಾಲಮ್ಮಿಗೆ ಅಡ್ಡಗೀಟು ಎಳೆದು ಬರೆದೆ:
ಜುಬೇದಾ, ರವಿಕೆ, ಹನ್ನೆರಡರಲ್ಲಿ ಐದು ಸಂದಿವೆ.
ನಂಜಪ್ಪಾಜಿ, ಮೇರಿಯ ಮನೆಯ ಸೂರು, ಒಂದೂವರೆ ದಿನ.
ಮುನಿಮಾದ, ಬ್ಯಾಟರಿ ಒಂದು. ಬೆಲೆ ಇನ್ನೂ ಜಗಳದಲ್ಲಿದೆ.
ಗುರುಸಿದ್ದಪ್ಪನ ಮುಂದೆ ಖಾಲಿ.

ಶಾಲೆಯಲ್ಲಿ ಗಂಜಿ ಕೇಂದ್ರ. ಮಕ್ಕಳಿಗೆ ಮಾತ್ರ, ಎಂದು ಆದೇಶ.
ತಾಲ್ಲೂಕು ಕಚೇರಿಯ ಕನ್ನಡಕದ ಹುಡುಗಿ
(ಹೆಸರು ಯಾರೂ ಕೇಳಲಿಲ್ಲ)
ನೂರ ನಲವತ್ತು ಮಕ್ಕಳನ್ನು ಎಣಿಸಿ
ಇನ್ನೂರ ಹತ್ತು ಎಂದು ಬರೆದಳು.
ಬರೆಯುವಾಗ ಕೈ ನಡುಗಿತು, ನಾನು ನೋಡಿದೆ.
ಆ ಎಪ್ಪತ್ತು ಇಲ್ಲದ ಮಕ್ಕಳ ಪಾಲನ್ನು
ಮುದುಕರು, ಬಸುರಿಯರು, ಒಬ್ಬ ಪೇದೆ, ನಾನು ಉಂಡೆವು.

ಒಂದು ಬೆಳಿಗ್ಗೆ ಗುರುಸಿದ್ದಪ್ಪ, ಡೀಸೆಲ್ಲಿಲ್ಲದ ಆಟೋದೊಳಗೆ
ಮೇರಿಯನ್ನು ಕೂರಿಸಿ
ದೊಡ್ಡಾಸ್ಪತ್ರೆಯವರೆಗೂ ತಳ್ಳಿಕೊಂಡು ಹೋದ.
ಹೊಲಿಗೆ ಹಾಕಲು ದಾರವೂ ಇಲ್ಲ ಎಂದರಂತೆ.
ತಿರುಗಿ ತಳ್ಳಿಕೊಂಡು ಬಂದ.
ಬರೆದೆ: ಗುರುಸಿದ್ದಪ್ಪ, ತಳ್ಳಿದ್ದು, ಹೋಗಿ ಬಂದು.
ಇನ್ನೊಂದು ಸಲ ಕರೆದಾಗ ಬರಲಿಲ್ಲ.
ಅದನ್ನೂ ಬರೆದೆ.

ಈಗ ಟೋಕನ್ ಬಂದಿದೆ, ಮೈಕೂ ಬಂದಿದೆ.
'ಈ ಚೀಟಿಗೆ ನೋಂದಣಿ ಉಂಟೆ?' ಎಂದು ಸಾಹೇಬರು ಕೇಳಿದರು.
ಯಾವ ಚೀಟಿ, ಎಂದೆ.

ಮೂವತ್ತೊಂದನೇ ಪುಟದಲ್ಲಿ ನನ್ನದೇ ಕೈಬರಹ:
'ಪುಟ್ಟಮ್ಮಣ್ಣಿ, ರಾಗಿ ಅರ್ಧ ಕ್ವಿಂಟಲ್, ಸಂದಿದೆ.'
ಸಂದಿಲ್ಲ. ಹತ್ತು ಕಿಲೋ ಸೌದೆಯ ಹಿಂದೆ ಇಟ್ಟಿದ್ದೆ.
ಯಾರೂ ತೂಗಿ ನೋಡಲಿಲ್ಲ, ಪುಸ್ತಕ ನನ್ನದಲ್ಲವೇ.
ಆ ರಾಗಿ ತಿಂದು ಮುಗಿದು ಎಷ್ಟೋ ದಿನ.
ಇವತ್ತು ಟೋಕನ್ ಕೊಟ್ಟು ಹತ್ತು ಕಿಲೋ ಕೊಂಡು
ಮೇರಿಯ ಬಾಗಿಲು ತಟ್ಟಿದ್ದೇನೆ.
ಎದ್ದು ಬರಲು ಅವಳಿಗೆ ಹೊತ್ತಾಗುತ್ತದೆ.
ನಿಂತಿದ್ದೇನೆ.