ನೂರೆಂಟು

ಕಾರವಾರದಲ್ಲಿ ಮೂರು ದಿನ ತರಬೇತಿ.
ಒಂದು ಫ್ಯಾನು, ನಲವತ್ತು ಕುರ್ಚಿ,
ಗೋಡೆಯ ಮೇಲಿನ ಬೆಳಕಿನ ಚೌಕದಲ್ಲಿ
ಸೀಳಿದ ರಸ್ತೆಯ ಹೊಟ್ಟೆ.
ಮೇಷ್ಟ್ರದು ಮೆತ್ತನೆ ದನಿ:
'ಡಾಂಬರಿಗೂ ಜ್ವರ ನೋಡಬೇಕು.
ಸುರಿಯುವಾಗ ನೂರನಲವತ್ತರ ಕೆಳಗಿದ್ದರೆ
ಅದು ರಸ್ತೆಯಲ್ಲ, ರಸ್ತೆಯ ವೇಷ.'

ನೂರಕ್ಕೆ ನಾಲ್ಕು ಪಾಲು ಗಾಳಿ ಇರಬೇಕಂತೆ ಒಳಗೆ.
ಹೆಚ್ಚಾದರೆ ನೀರು ಬಿಡಾರ ಹೂಡುತ್ತದೆ,
ಕಮ್ಮಿಯಾದರೆ ಬೇಸಗೆಗೆ ಬೆವರಿ ಜಾರುತ್ತದೆ.
ಹನ್ನೊಂದು ವರ್ಷ ಪುರಸಭೆಯಲ್ಲಿ ಬಿಲ್ಲು ಬರೆದವಳು ನಾನು.
ಉದ್ದ ಗೊತ್ತಿತ್ತು, ಅಗಲ ಗೊತ್ತಿತ್ತು,
ಯಾರ ಪಾಲೆಷ್ಟು ಎಂಬ ಅಂದಾಜೂ ಇತ್ತು.
ಉಸಿರಿನ ಬಾಬತ್ತು ಯಾವ ಕಾಲಮಿನಲ್ಲೂ ಇರಲಿಲ್ಲ.

ಹೊರಡುವಾಗ ಪ್ರಮಾಣಪತ್ರ ಕೊಟ್ಟರು,
ಜೊತೆಗೆ ಒಂದು ಥರ್ಮಾಮೀಟರು:
ಗೇಣುದ್ದದ ಕಡ್ಡಿ, ತುದಿಗೆ ಗಡಿಯಾರದ ಮುಖ.
ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡೆ.
ಪಕ್ಕದಾಕೆ ಕೇಳಿದಳು, 'ದನದ ಡಾಕ್ಟ್ರಾ ನೀವು?'

ಅಂಕೋಲೆ, ಕೇಣಿ ರಸ್ತೆ, ಮೇ ತಿಂಗಳ ಮಧ್ಯಾಹ್ನ.
ಲಚ್ಮಪ್ಪ ರಾಠೋಡ, ಬಾಗಲಕೋಟೆ ಸೀಮೆಯವ,
ಕಾಲಿಗೆ ಗೋಣಿ, ಗೋಣಿಗೆ ಟೈರಿನ ಅಟ್ಟೆ,
ಮೊದಲ ಲಾರಿ ಬಾಗುತ್ತಿದ್ದಂತೆ ಮೂಗೆತ್ತಿ ಅಂದ:
'ನೀಲಿ ಹೊಗಿ ಬಂದ್ರ ಸುಟ್ಟೈತಿ,
ಹೊಗಿನ ಬರ್ಲಿಲ್ಲಂದ್ರ ಸತ್ತೈತಿ.
ಇದು ನೂರಾ ಐವತ್ತರ ಮ್ಯಾಲ ಐತ್ರಿ.'
ಕಡ್ಡಿ ಚುಚ್ಚಿದೆ. ನೂರೈವತ್ತೆರಡು.
ಇಬ್ಬರೂ ನಕ್ಕೆವು.

ಹದಿನೇಳನೆಯ ಲಾರಿ ಬರಲಿಲ್ಲ.
ಅರಬೈಲ್ ಘಟ್ಟದಲ್ಲಿ ಟ್ಯಾಂಕರೊಂದು ಅಡ್ಡ ಮಲಗಿ
ಹಿಂದಿನದೆಲ್ಲ ನಿಂತಿತ್ತು, ಮೂರು ತಾಸು.
ಬಂದಾಗ ಸಂಜೆ. ಹರಕು ತಾಡಪಾಲು.
ಮುಳ್ಳು ಮೆಲ್ಲಗೆ ಏರಿ, ಏರಿ,
ನೂರೆಂಟಕ್ಕೆ ನಿಂತಿತು.

ನೂರೆಂಟು!
ಜಪಮಾಲೆಗೆ ಸಾಕು, ಗಣಪತಿಯ ಕಾಯಿಹರಕೆಗೆ ಸಾಕು,
ನಡುರಾತ್ರಿ ಎದೆ ಹಿಡಿದು ಕುಸಿದವನಿಗಾಗಿ
ಮನೆಯವರು ಒತ್ತುವ ನಂಬರಿಗೂ ಸಾಕು.
ರೋಲರಿಗೆ ಸಾಲದು.
ಗುತ್ತಿಗೆದಾರ ವೆರ್ಣೇಕರರ ಬಳಿ ನೆಪಗಳೂ ಅಷ್ಟೇ ಇದ್ದವು:
'ಮೇಲಿಂದ ಚೂರು ಡೀಸೆಲ್ ಚಿಮುಕಿಸಿದ್ರೆ ಮೆತ್ತಗಾಗ್ತದೆ ಮೇಡಮ್,
ಕಪ್ಪಗಿದ್ರೆ ಆಯ್ತಲ್ಲ, ಯಾರು ಕೇಳ್ತಾರೆ?'
ಫೋನು ಬಂತು. ಇನ್ನೊಂದು ಬಂತು.
ಲಚ್ಮಪ್ಪ ಸಲಿಕೆಯಲ್ಲಿ ಒಂದು ಹೆಂಟೆ ಎತ್ತಿ ಬಿಟ್ಟ.
ಬಿದ್ದದ್ದು ಬಿದ್ದ ಹಾಗೇ ಕೂತಿತು.
ಅವನೇನೂ ಹೇಳಲಿಲ್ಲ.
ಅವನ ಆ ದಿನದ ಕೂಲಿ ಆ ಲಾರಿಯಲ್ಲೇ ಇತ್ತು.

ರಿಜಿಸ್ಟರಿನಲ್ಲಿ ಬರೆದೆ: ತಿರಸ್ಕರಿಸಲಾಗಿದೆ.
ಬೆವರಿಗೆ ಶಾಯಿ ಹರಡಿ
ಕೊನೆಯ ಅಕ್ಷರ ಕಲೆಯಾಯಿತು.

ಆಮೇಲೆ ಪ್ಲಾಂಟು ಕೆಟ್ಟಿತು.
ಮಳೆ ಹತ್ತು ದಿನ ಮೊದಲೇ ಹಿಡಿಯಿತು.
ಆರುನೂರು ಮೀಟರು ರಸ್ತೆ ಈಗ ಹಾವಿನ ಬೆನ್ನು,
ನಡುವೆ ಬಿದ್ದ ನೀರು ಎರಡೂ ಅಂಚಿಗೆ
ತಕರಾರಿಲ್ಲದೆ ಇಳಿದುಹೋಗುತ್ತದೆ.
ಕೊನೆಗೆ, ಮೀನುಪೇಟೆಯ ತಿರುವಿನಲ್ಲಿ,
ಐವತ್ತು ಹೆಜ್ಜೆ ಕೆಸರು.

ಆ ಐವತ್ತು ಹೆಜ್ಜೆಗೆ ಊರು ಹೆಸರಿಟ್ಟಿದೆ: ಮೇಡಮ್ ಹೊಂಡ.
ಆರುನೂರು ಮೀಟರಿಗೆ ಯಾರೂ ಹೆಸರಿಡಲಿಲ್ಲ.
ಒಣಮೀನಿನ ಬುಟ್ಟಿ ಇಳಿಸಿ, ಸೀರೆಯ ಅಂಚು ಹಿಂಡುತ್ತ
ದೇವಯಾನಿ ಹರಿಕಂತ್ರ ಕೇಳಿದಳು,
'ಅಷ್ಟು ಚಂದ ಮಾಡಿ, ಇಲ್ಲಿ ಯಾಕೆ ಬಿಟ್ರಿ?'
'ಡಾಂಬರು ತಣ್ಣಗಾಗಿತ್ತು.'
'ತಣ್ಣಗಾದ್ರೆ ಬಿಸಿ ಮಾಡೂಕೆ ಆಗೂದಿಲ್ವಾ?
ನಿನ್ನೆ ಸಾರು ನಾವು ಮಾಡ್ತಿಲ್ವಾ?'
ಮೂರು ದಿನದ ತರಬೇತಿಯಲ್ಲಿ
ಈ ಪ್ರಶ್ನೆ ಬಂದಿರಲಿಲ್ಲ.
ಬುಟ್ಟಿಯ ಒಂದು ಕಡೆ ಹಿಡಿದು
ಕೆಸರು ದಾಟಿಸಿಕೊಟ್ಟೆ.

ಕಡ್ಡಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು
ಹಳೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ.
ಅಕ್ಟೋಬರಿಗೆ ಮತ್ತೆ ಟೆಂಡರು ಎನ್ನುತ್ತಾರೆ.

ನಿನ್ನೆ ಸೊಲ್ಲಾಪುರದಿಂದ ಫೋನು.
ಅಲ್ಲಿ ಮಳೆಯಿಲ್ಲವಂತೆ, ಕೆಲಸ ನಡೆದಿದೆಯಂತೆ.
'ಮೇಡಮ್ಮಾರ, ಇಲ್ಲಿ ಕಡ್ಡಿ ಇಲ್ರಿ.
ನನ್ನ ಲೆಕ್ಕದಾಗ ಇವತ್ತಿಂದು ನೂರಾ ಹತ್ತು.'
ಸ್ವಲ್ಪ ತಡೆದು, 'ಹಾಕಿಬಿಟ್ರು' ಅಂದ.
ಅವನ ಹಿಂದೆ, ಹೋಗಿ, ಬಂದು, ಹೋಗಿ,
ರೋಲರಿನ ಸದ್ದು.