ಕಾಣೆ

ಶಿರಿಯದ ಅಳಿವೆಯಲ್ಲಿ ಧನು ತಿಂಗಳ ನೀರು
ಮೊಣಕಾಲಿಗೂ ಬರುವುದಿಲ್ಲ.
ಇಳಿತ ತೊಡಗಿ ತುಸು ಹೊತ್ತಾದರೆ
ರೈಲು ಸೇತುವೆಯ ಕಂಬಗಳು
ಒದ್ದೆ ಲುಂಗಿ ಎತ್ತಿ ಕಟ್ಟಿದವರ ಹಾಗೆ ನಿಂತಿರುತ್ತವೆ.
ಹುಲ್ಲು ಕಡಲ ಕಡೆಗೆ ತಲೆಹಾಕಿ ಮಲಗುತ್ತದೆ.

ಹುಲ್ಲೆಂದರೆ ಹೊಳೆಯಡಿಯ ಹುಲ್ಲು,
ಕಿರುಬೆರಳ ಉಗುರಿನಷ್ಟು ಎಲೆ.
ಇದಕ್ಕೆ ಹೆಸರುಂಟಾ ಎಂದು ಕೇಳಿದ್ದೆ ಒಮ್ಮೆ.
ಅಂದುಂಞಿ ನಕ್ಕ:
"ಆಡು ತಿನ್ನದ್ದಕ್ಕೆ ಹೆಸರಿಡುವುದು ಯಾರು, ಪೋಸ್ಟಮ್ಮಾ?"

ಹೆಸರಿರುವುದು ಮೀನಿಗೆ. ಒಂದಲ್ಲ.
ಅವನ ಮನೆಯಲ್ಲಿ ಪೂಳಾನ್,
ಪೂಳಿಯೆಂದರೆ ಮರಳು, ಬಲೆ ಕಂಡರೆ ಅದರೊಳಗೆ ಹೂತುಕೊಳ್ಳುತ್ತದೆ.
ನಮ್ಮ ಮನೆಯಲ್ಲಿ ಕಾಣೆ.
ಏನು ಸಿಕ್ಕಿತು ಎಂದು ಕೇಳಿದವರಿಗೆ
ಸಿಕ್ಕಿದರೂ ಅದೇ ಉತ್ತರ, ಸಿಗದಿದ್ದರೂ ಅದೇ.

ಇಪ್ಪತ್ತೆರಡು ವರ್ಷ ನಾನೂ ಅದನ್ನೇ ಬರೆದವಳು,
ಕೆಂಪು ಶಾಯಿಯಲ್ಲಿ, ಲಕೋಟೆಯ ಮೂಲೆಗೆ:
ವಿಳಾಸದಾರರು ಕಾಣೆ.
ತೀರಿಹೋದವರು, ಶಾರ್ಜಾಕ್ಕೆ ಹೋದವರು,
ಬಾಗಿಲು ತೆರೆಯದೆ ಒಳಗೇ ಕೂತವರು,
ಎಲ್ಲರಿಗೂ ಒಂದೇ ಸಾಲು.

ತಂಗೂಸು ಸುತ್ತಿದ್ದು ಕೆಮ್ಮಿನ ಮದ್ದಿನ ಬಾಟ್ಲಿಗೆ.
ಈಯದ ಗುಂಡು ಕಡಲೆಯಷ್ಟು, ಹೆಚ್ಚಿರಬಾರದು,
ಭಾರವಾದರೆ ಹುಲ್ಲಿನಲ್ಲಿ ಕೂತುಬಿಡುತ್ತದೆ
ಹಗುರಾದರೆ ಇಳಿತ ಒಯ್ಯುತ್ತದೆ.
ಮೂಡಗಾಳಿಗೆ ಬೆರಳು ಮರಗಟ್ಟಿ
ಕೆಸರುಹುಳ ಗಾಳಕ್ಕೇರದೆ ಜಾರಿ ಜಾರಿ ಬೀಳುತ್ತದೆ.

ಅವನ ಎರಡೂ ಕಣ್ಣಿಗೆ ಹಾಲು ಕಟ್ಟಿತ್ತು.
ಒಂಬತ್ತು ಚಳಿ ಅವನು ಮೀನು ಹಿಡಿದದ್ದು ಅಂಗಾಲಿನಲ್ಲಿ.
ಹುಲ್ಲು ಮುಗಿದು ಮರಳು ತೊಡಗುವ ಅಂಚು
ಹೆಬ್ಬೆರಳಿಗೆ ಗೊತ್ತಾಗಬೇಕು.
ಅಲ್ಲಿ ನಿಲ್ಲು.
ಗಾಡಿ ಸೇತುವೆ ದಾಟುವಾಗ ಸುಮ್ಮನಿರು,
ಆ ಅದುರಿಗೆ ಮೀನು ಮರಳಿಗಿಳಿಯುತ್ತದೆ.
ನೂರು ಎಣಿಸು. ಎಂಬತ್ತಕ್ಕೇ ಎದ್ದೀತು, ಆದರೂ ಎಣಿಸು.
ಆಮೇಲೆ ಎಸೆ.
ಕಾಣೆ ಕಚ್ಚುವುದಿಲ್ಲ, ಕೇಳುತ್ತದೆ.
ಎರಡು ಸಲ ಕೇಳಿದ ಮೇಲೆ ಎಳೆ.

ನನಗೆ ಕಲಿಸಿದ್ದು ಇಷ್ಟೇ. ಮೂರು ಚಳಿ ಹಿಡಿಯಿತು.

ಮಂಗಳೂರಿನಲ್ಲಿ ಅವನ ಬಲಗಣ್ಣಿನ ಪೊರೆ ತೆಗೆದರು.
ನಲವತ್ತು ದಿನ ನೀರು ತಾಗಬಾರದು ಎಂದರು.
ನಲವತ್ತೊಂದನೆಯ ಬೆಳಿಗ್ಗೆ ಕಪ್ಪು ಕನ್ನಡಕ ಏರಿಸಿ
ಮದುಮಗನ ಹಾಗೆ ಬಂದ.
ಹೊಳೆಗಿಳಿದ. ನಿಂತ.
ಬಾಟ್ಲಿ ಕಂಕುಳಲ್ಲೇ ಉಳಿಯಿತು.

"ಇದು ಯಾರ ಕಾಲು ಮಾರಾಯ್ತಿ, ಇಷ್ಟು ಮುದುಕ?"

ಆಮೇಲೆ ಬಗ್ಗಿದ. ಇನ್ನೂ ಬಗ್ಗಿದ.
ಹುಲ್ಲಿನ ನಡುವೆ ಗಾಜಿನಂಥ ಸೀಗಡಿಮರಿ,
ಯಾವುದೋ ಮಗುವಿನ ಒಂಟಿ ಚಪ್ಪಲಿ,
ಹೂವು. "ಹೂ ಬಿಡುತ್ತದಾ ಇದು! ಹೇಳಲೇ ಇಲ್ಲ ನೀನು."
ನಾನೂ ನೋಡಿರಲಿಲ್ಲ.
ಗಾಡಿ ಬಂತು, ಅವನು ಎಣಿಸಲಿಲ್ಲ,
ಕಿಟಕಿಗಳನ್ನು ನೋಡುತ್ತಿದ್ದ.
ಮತ್ತೆ ಅವನ ಎರಡು ಪಾದಗಳ ನಡುವೆ
ಮೊದಲು ನೆರಳು, ಹಿಂದೆಯೇ ಮೀನು,
ಒಂದು ಗೇಣು, ಮರಳಿನದೇ ಬಣ್ಣ.
ಓ ಅಲ್ಲಿ, ಅಲ್ಲಿ ಎಂದು ಕೈ ತೋರಿಸಿದ.
ಇದ್ದದ್ದೂ ಹೋಯಿತು.

ನನಗೆ ನಾಲ್ಕು. ಅವನಿಗೆ ಏನೂ ಇಲ್ಲ.
ದಡದಲ್ಲಿ ಮರುವಾಯಿ ಹೆಕ್ಕುತ್ತಿದ್ದ ದೇಯಿ
ತಲೆಯೆತ್ತದೆ ಕೇಳಿದಳು, ಎಂತ ಸಿಕ್ಕಿತು ಅಂದುಂಞಿ?

ಕನ್ನಡಕ ತೆಗೆದು ಲುಂಗಿಯ ತುದಿಯಲ್ಲಿ ಒರೆಸುತ್ತಾ
ಕಂಡೆ ಎಂದ.

ಅಂಥ ಮೀನು ಈ ಹೊಳೆಯಲ್ಲಿಲ್ಲ ಎಂದಳು ದೇಯಿ.

ನನ್ನದರಲ್ಲಿ ಎರಡು ಅವನ ಚೀಲಕ್ಕೆ ಹಾಕಿದೆ.
ಸಣ್ಣವನ್ನೇ ಹಾಕಿದೆಯಲ್ಲ ಎಂದ, ಈಗ ಎಲ್ಲ ತಿಳಿಯುತ್ತದೆ ಅವನಿಗೆ.
ಮನೆಯಲ್ಲಿ ಸಾರಿಗೆ ಅರೆದಿಟ್ಟು ಕಾಯುತ್ತಿದ್ದಾರೆ.
ಎಡಗಣ್ಣಿನ ಪೊರೆ ಇನ್ನೂ ಹಾಗೇ ಉಂಟು.
ನಾಳಿನ ಇಳಿತಕ್ಕೆ
ಬಲದ್ದನ್ನು ಮುಚ್ಚಿಕೊಂಡು ಬರುತ್ತಾನಂತೆ.